ಹಂದರದಡಿಯ ಕನ್ನಡ

ಕೊಲ್ಹಾಪುರ ಜಿಲ್ಲೆಯ ಕನ್ನಡವನ್ನು ಕುರಿತು ಮಾತು ಬಂದಾಗ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ನೆನೆಯುತ್ತೇವೆ. ಒಂದು, ಶಿಲಾಹಾರರ ಕಾಲದ ಕನ್ನಡ ಶಾಸನಗಳು; ಇನ್ನೊಂದು, 1956ರ ರಾಜ್ಯ ಪುನರ್ವಿಂಗಡಣೆ ಮತ್ತು ಅದರಿಂದ ಹುಟ್ಟಿದ ಗಡಿಯ ವಾದ. ಮೊದಲನೆಯದು ಕಲ್ಲಿನ ಮೇಲಿದೆ, ಎರಡನೆಯದು ಕಾಗದದ ಮೇಲಿದೆ. ಈ ಎರಡರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದ ಕನ್ನಡವೊಂದುಂಟು. ಗಡಹಿಂಗ್ಲಜ, ಶಿರೋಳ, ಹಾತಕಣಂಗಲೆ ತಾಲೂಕುಗಳ ಹಳ್ಳಿಗಳಲ್ಲಿ ಅದು ಬಹುಕಾಲ ಮದುವೆಯ ಹಂದರದಡಿಯಲ್ಲಿ ಬಾಳಿತು. ಶಾಲೆ ಮರಾಠಿಯದಾಯಿತು, ಕಚೇರಿ ಮರಾಠಿಯದಾಯಿತು, ಸಂತೆಯ ಮಾತು ಎರಡೂ ಭಾಷೆಗಳ ಬೆರಕೆಯಾಯಿತು. ಆದರೆ ಮಗಳಿಗೆ ಅರಿಷಿಣ ಹಚ್ಚುವಾಗ ತಾಯಿ, ಅತ್ತೆ, ಚಿಕ್ಕಮ್ಮಂದಿರ ಬಾಯಿಗೆ ಬಂದದ್ದು ಕನ್ನಡದ ಹಾಡು.

ಆ ಹಾಡು ಇಂದು ಕೇಳಿಸುವುದು ವಿರಳವಾಗುತ್ತಿದೆ. ಅದನ್ನು ಉಳಿಸಿಕೊಳ್ಳುವ ಹೊಣೆ ಕನ್ನಡವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡ ವಿದ್ಯಾರ್ಥಿಗಳ ಮೇಲೆ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ ಮದುವೆಯ ಪದ್ಧತಿಗಳನ್ನೆಲ್ಲ ಇದ್ದಂತೆಯೇ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಡನ್ನು ಉಳಿಸಬೇಕಾದರೆ ಕೆಲವು ಪದ್ಧತಿಗಳನ್ನು ಬಿಡಲೇಬೇಕು. ಈ ಎರಡು ಮಾತುಗಳಿಗೂ ಇರುವ ಸಂಬಂಧವನ್ನು ವಿವರಿಸುವುದೇ ಈ ಬರೆಹದ ಉದ್ದೇಶ.

ನಮ್ಮ ಸೀಮೆಯ ಹಳ್ಳಿಯ ಮದುವೆಯಲ್ಲಿ ಎರಡು ಪಾಠಗಳು ಜೊತೆಯಾಗಿ ನಡೆಯುತ್ತವೆ. ಒಂದು ಪುರೋಹಿತನದು. ಲಿಂಗಾಯತರಲ್ಲಿ ಅಯ್ಯನವರು, ಜೈನರಲ್ಲಿ ಉಪಾಧ್ಯೆಯವರು, ಇತರರಲ್ಲಿ ಭಟ್ಟರು ಮಂತ್ರ ಹೇಳುತ್ತಾರೆ, ಮಂಗಲಾಷ್ಟಕ ಹೇಳುತ್ತಾರೆ. ಇನ್ನೊಂದು ಪಾಠ ಹೆಣ್ಣುಮಕ್ಕಳದು. ಹಾಲಗಂಬ ನೆಟ್ಟು ಹಂದರ ಹಾಕುವಾಗ, ಕುಂಬಾರರ ಮನೆಯಿಂದ ಚಿತ್ತಾರದ ಐರಾಣಿ ತರುವಾಗ, ಅರಿಷಿಣ ಹಚ್ಚುವಾಗ, ನಾಲ್ಕು ತಂಬಿಗೆಗಳನ್ನಿಟ್ಟು ನೂಲು ಸುತ್ತಿ ಸುರಗಿಯ ನೀರು ಹಾಕುವಾಗ, ಬಾಸಿಂಗ ಕಟ್ಟುವಾಗ, ಭೂಮದ ಊಟಕ್ಕೆ ಕುಳಿತಾಗ, ಕೊನೆಗೆ ಮಗಳನ್ನು ಗಂಡನ ಮನೆಗೆ ಒಪ್ಪಿಸುವಾಗ ಒಂದೊಂದಕ್ಕೂ ಬೇರೆ ಬೇರೆ ಹಾಡು. ಪುರೋಹಿತನ ಪಾಠ ಲಿಖಿತವಾದದ್ದು. ಅದು ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಹೆಣ್ಣುಮಕ್ಕಳ ಪಾಠ ಮಾತ್ರ ಊರಿನಿಂದ ಊರಿಗೆ, ಮನೆತನದಿಂದ ಮನೆತನಕ್ಕೆ ಬದಲಾಗುತ್ತದೆ.

ಈ ಹಾಡುಗಳನ್ನು ಕೇವಲ ಅಲಂಕಾರವೆಂದು ತಿಳಿಯುವುದು ತಪ್ಪು. ಮುಂದಿನ ಕಾರ್ಯ ಯಾವುದು, ಅದನ್ನು ಯಾರು ಮಾಡಬೇಕು, ಸೋದರಮಾವನ ಪಾಲೇನು, ಸೋದರತ್ತೆಯ ಗೌರವವೇನು ಎಂಬುದನ್ನೆಲ್ಲ ಹಾಡು ನೆನಪಿಸುತ್ತದೆ. ಬರೆದಿಟ್ಟ ಪದ್ಧತಿಯಿಲ್ಲದ ಮನೆಗಳಲ್ಲಿ ಹಾಡೇ ಪದ್ಧತಿಯ ಪುಸ್ತಕ. ಅಲ್ಲದೆ, ಎದುರಿಗೆ ಆಡಲಾಗದ ಮಾತನ್ನು ಹಾಡಿನಲ್ಲಿ ಆಡಬಹುದು. ಬೀಗರ ಹಾಡಿನಲ್ಲಿ ಗಂಡಿನ ಕಡೆಯವರ ಜಿಪುಣತನವನ್ನು, ಅವರ ದೊಡ್ಡಸ್ತಿಕೆಯನ್ನು ಹೆಣ್ಣಿನ ಕಡೆಯ ಹೆಂಗಸರು ಹೆಸರು ಹಿಡಿದು ಹಾಸ್ಯ ಮಾಡುತ್ತಾರೆ. ಕೇಳಿದವರು ನಗಬೇಕೇ ಹೊರತು ಸಿಟ್ಟಾಗುವಂತಿಲ್ಲ. ವರೋಪಚಾರದ ಭಾರಕ್ಕೆ ಬಾಗಿದ ಮನೆಯ ಹೆಣ್ಣುಮಕ್ಕಳಿಗೆ ಸಮಾನಳಾಗಿ ನಿಂತು ಮಾತನಾಡುವ ಅವಕಾಶವನ್ನು ಆ ಕೆಲವು ಗಳಿಗೆಗಳು ನೀಡುತ್ತಿದ್ದವು. ಜಾನಪದ ಸಾಹಿತ್ಯದ ಪಾಠದಲ್ಲಿ ನಾವು ‘ಸಾಮಾಜಿಕ ಕಾರ್ಯ’ ಎಂದು ಓದುವುದು ಇದನ್ನೇ.

ಗಡಿಸೀಮೆಯ ಮದುವೆಗೆ ಇನ್ನೊಂದು ವಿಶೇಷವುಂಟು. ಇಲ್ಲಿಯ ಬೀಗತನ ರಾಜ್ಯದ ಗೆರೆಯನ್ನು ಲೆಕ್ಕಿಸುವುದಿಲ್ಲ. ಗಡಹಿಂಗ್ಲಜದ ಮನೆಗೆ ಸಂಕೇಶ್ವರದ, ಹುಕ್ಕೇರಿಯ ಸೊಸೆ ಬರುತ್ತಾಳೆ. ಇಚಲಕರಂಜಿಯ ಮಗಳು ನಿಪ್ಪಾಣಿಗೆ, ಚಿಕ್ಕೋಡಿಗೆ ಹೋಗುತ್ತಾಳೆ. 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲಿದ್ದ ಚಂದಗಡ ಆ ವರ್ಷ ಕೊಲ್ಹಾಪುರ ಜಿಲ್ಲೆಗೆ ಸೇರಿತು. ಅದರಿಂದ ಯಾವ ಮನೆಯ ಬೀಗತನವೂ ಮುರಿಯಲಿಲ್ಲ. ಆದುದರಿಂದ ಇಲ್ಲಿಯ ಮದುವೆಯ ನುಡಿಯಲ್ಲಿ ಎರಡು ಭಾಷೆಗಳು ಒಂದೇ ಒಲೆಯ ಮೇಲೆ ಬೆಂದಿವೆ. ಮಾತುಕತೆ ಮುಗಿದ ಮೇಲೆ ‘ಯಾದಿ’ ಬರೆಯುತ್ತೇವೆ, ಜವಳಿಗೆ ‘ಬಸ್ತಾ’ ಎನ್ನುತ್ತೇವೆ, ಉಡುಗೊರೆಗೆ ‘ಆಹೇರ’ ಎನ್ನುತ್ತೇವೆ. ಇವು ಮರಾಠಿಯಿಂದ ಬಂದವು. ಅತ್ತ ಮರಾಠಿ ಮನೆಗಳಲ್ಲಿ ‘ಅಕ್ಕಾ’, ‘ಅಣ್ಣಾ’ ಎಂದು ಕರೆಯುತ್ತಾರೆ. ಗುಳೇದಗುಡ್ಡದ ಖಣವನ್ನೂ ಇಳಕಲ್ಲಿನ ಸೀರೆಯನ್ನೂ ತಮ್ಮವೆಂದೇ ಉಡುತ್ತಾರೆ.

ಈ ಕೊಡುಕೊಳೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಒಡಪಿನಲ್ಲಿ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ಕಟ್ಟಳೆಗೆ ಹೆಣ್ಣುಮಕ್ಕಳು ಕಂಡುಕೊಂಡ ಜಾಣತನದ ದಾರಿ ಅದು. ಪ್ರಾಸ ಹೊಂದಿಸಿ ಎರಡು ಸಾಲು ಕಟ್ಟಿ ಅದರ ತುದಿಯಲ್ಲಿ ಹೆಸರನ್ನು ಇರಿಸುವುದು. ಮರಾಠಿಯಲ್ಲಿ ಇದಕ್ಕೆ ‘ಉಖಾಣಾ’ ಎನ್ನುತ್ತಾರೆ. ಗಡಿಯ ಹಳ್ಳಿಗಳ ಒಡಪಿನಲ್ಲಿ ಮೊದಲ ಸಾಲು ಕನ್ನಡದಲ್ಲಿದ್ದು ಎರಡನೆಯದು ಮರಾಠಿಗೆ ಹೊರಳುವುದುಂಟು. ಪ್ರಾಸ ಮಾತ್ರ ತಪ್ಪುವುದಿಲ್ಲ. ‘ಇದು ಶುದ್ಧ ಕನ್ನಡವಲ್ಲ’ ಎಂದು ಮೂಗು ಮುರಿಯುವವರು ನಮ್ಮಲ್ಲಿಯೂ ಇದ್ದಾರೆ. ನನ್ನ ದೃಷ್ಟಿಯಲ್ಲಿ, ಎರಡು ಭಾಷೆಗಳ ಛಂದಸ್ಸನ್ನು ಒಂದೇ ಉಸಿರಿನಲ್ಲಿ ಹಿಡಿಯಬಲ್ಲ ಈ ಅನಕ್ಷರಸ್ಥ ಪ್ರತಿಭೆ ನಮ್ಮ ಅಧ್ಯಯನಕ್ಕೆ ದೊರೆತ ಅಪೂರ್ವ ಸಾಮಗ್ರಿ. ಮಹಾರಾಷ್ಟ್ರದಲ್ಲಿ ಕನ್ನಡದ ಕುರುಹುಗಳನ್ನು ಹುಡುಕಿದ ಶಂ. ಬಾ. ಜೋಶಿಯವರು ತಮ್ಮ ಗ್ರಂಥವೊಂದಕ್ಕೆ ‘ಕಣ್ಮರೆಯಾದ ಕನ್ನಡ’ ಎಂದು ಹೆಸರಿಟ್ಟರು. ಒಡಪಿನ ಕನ್ನಡ ಇನ್ನೂ ಕಣ್ಮರೆಯಾಗಿಲ್ಲ. ಆದರೆ ಅದು ಕಣ್ಣೆದುರಿಗಿರುವಾಗಲೇ ನಾವು ಅತ್ತ ನೋಡದಿದ್ದರೆ ಮುಂದೆ ಅದಕ್ಕೂ ಅದೇ ಹೆಸರು ಸಲ್ಲುತ್ತದೆ.

ಹಾಡು ಏಕೆ ಮಾಯವಾಗುತ್ತಿದೆ? ಮರಾಠಿಯ ಪ್ರಾಬಲ್ಯವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅದು ನಿಜವಲ್ಲ. ಮರಾಠಿ ಮಾತನಾಡುವ ಹಳ್ಳಿಗಳಲ್ಲಿ ಮರಾಠಿಯ ಮದುವೆ ಹಾಡುಗಳೂ ಇದೇ ವೇಗದಲ್ಲಿ ಮರೆಯಾಗುತ್ತಿವೆ. ‘ಎಲ್ಲವನ್ನೂ ಡಿಜೆ ನುಂಗಿತು’ ಎಂಬುದು ಇನ್ನೊಂದು ಸುಲಭದ ಉತ್ತರ. ಹಾಡು ನಿಂತ ಜಾಗಕ್ಕೆ ಡಿಜೆ ಬಂದದ್ದು ಹೌದು. ಹಾಡನ್ನು ನಿಲ್ಲಿಸಿದ್ದು ಅದೊಂದೇ ಅಲ್ಲ. ಮೂಲ ಕಾರಣ ಬೇರೆಡೆಯಿದೆ. ಮದುವೆಯ ಹಾಡನ್ನು ಹೆಣ್ಣುಮಕ್ಕಳು ಮದುವೆಯಲ್ಲಿ ಕಲಿಯುತ್ತಿರಲಿಲ್ಲ. ಅಲ್ಲಿ ಹಾಡುತ್ತಿದ್ದರು ಅಷ್ಟೆ. ಕಲಿಯುತ್ತಿದ್ದುದು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ, ಕುಟ್ಟುವ ಒರಳಿನ ಮುಂದೆ, ಕಳೆ ತೆಗೆಯುವ ಹೊಲದ ಸಾಲಿನಲ್ಲಿ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಹೆಣ್ಣಿನ ರಟ್ಟೆಗೆ ಬಿಡುವು ದೊರೆಯಿತು. ಆ ಬಿಡುವು ನ್ಯಾಯವಾದದ್ದು. ಆದರೆ ಅದೇ ದಿನ ಹಾಡು ಕಲಿಸುವ ಶಾಲೆಯೂ ಮುಚ್ಚಿತು. ಅದಕ್ಕೆ ಬದಲಿಯಾಗಿ ಬೇರೊಂದು ಶಾಲೆಯನ್ನು ಯಾರೂ ತೆರೆಯಲಿಲ್ಲ.

ಇಚಲಕರಂಜಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಸ್ಥಾಪಿಸಿದರು. ಮುಂದೆ ಆ ಊರು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು; ಗಡಿಯ ಎರಡೂ ಕಡೆಯಿಂದ ಜನ ಕೆಲಸಕ್ಕೆ ಬಂದು ನೆಲೆಸಿದರು. ಪಾಳಿಯ ಲೆಕ್ಕದಲ್ಲಿ ದುಡಿಯುವ ಮನೆಯಲ್ಲಿ ಐದು ದಿನದ ಮದುವೆ ನಡೆಯದು. ಒಂದು ಬಾಡಿಗೆಯ ಕೋಣೆಯ ಮುಂದೆ ಹಂದರ ಹಾಕಲು ಅಂಗಳವಿಲ್ಲ. ಕಾರ್ಯಾಲಯವನ್ನು ಒಂದು ದಿನದ ಮಟ್ಟಿಗೆ ಹಿಡಿದು, ಬೆಳಿಗ್ಗೆ ಅರಿಷಿಣ, ಮಧ್ಯಾಹ್ನ ಅಕ್ಷತೆ, ಸಂಜೆಗೆ ಖಾಲಿ ಮಾಡುವುದು ಅನಿವಾರ್ಯವಾಯಿತು. ಒಂದು ದಿನದ ಮದುವೆಯನ್ನು ನಾನು ಟೀಕಿಸಲಾರೆ. ಬಡವರ ಸಾಲವನ್ನು ಅದು ಕಡಿಮೆ ಮಾಡಿದೆ. ಉಪನ್ಯಾಸಕರ ಕೋಣೆಯಲ್ಲಿ ಕುಳಿತು ‘ಹಿಂದಿನ ಐದು ದಿನದ ಮದುವೆಯ ಸೊಬಗು’ ಎಂದು ನಿಟ್ಟುಸಿರುಬಿಡುವವರು ಆ ಐದು ದಿನಗಳ ಅಡಿಗೆಯನ್ನು ಯಾರು ಮಾಡುತ್ತಿದ್ದರು, ಅದರ ಸಾಲವನ್ನು ಎಷ್ಟು ವರ್ಷ ತೀರಿಸುತ್ತಿದ್ದರು ಎಂಬುದನ್ನೂ ಯೋಚಿಸಬೇಕು.

ಇಲ್ಲಿಗೆ ಬಂದಾಗ ಎದುರಾಗುವ ಆಕ್ಷೇಪವನ್ನು ನೇರವಾಗಿ ಎತ್ತಿಕೊಳ್ಳೋಣ. ‘ಹಳೆಯ ಮದುವೆಯೆಂದರೆ ಬಾಲ್ಯವಿವಾಹ, ವರದಕ್ಷಿಣೆ, ಜಾತಿಯ ಬೇಲಿ, ವಿಧವೆಯ ಅವಮಾನ, ಅಂಥ ಮದುವೆಯ ಹಾಡು ನಮಗೇಕೆ?’ ಎಂದು ಇಂದಿನ ವಿದ್ಯಾರ್ಥಿನಿ ಕೇಳಬಹುದು. ಆ ಪ್ರಶ್ನೆಗೆ ಬೆಲೆಯಿದೆ. ಈ ನೆಲದ ಹಿರಿಯರೇ ಅದನ್ನು ನಮಗಿಂತ ಮೊದಲು ಕೇಳಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆ ಕಲ್ಯಾಣದ ಕ್ರಾಂತಿಗೆ ಕಾರಣವಾಯಿತು. ಕನ್ನಡ ನಾಡಿನ ಅತಿ ದೊಡ್ಡ ಸಾಮಾಜಿಕ ಸಂಘರ್ಷವೊಂದು ಮದುವೆಯ ಹಂದರದಲ್ಲಿಯೇ ಹೊತ್ತಿಕೊಂಡಿತೆಂಬುದನ್ನು ವಚನ ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು. 1873ರಲ್ಲಿ ಜೋತಿರಾವ್ ಫುಲೆಯವರು ಸತ್ಯಶೋಧಕ ಸಮಾಜವನ್ನು ಕಟ್ಟಿ, ಬ್ರಾಹ್ಮಣ ಪುರೋಹಿತನಿಲ್ಲದ ಮದುವೆಯನ್ನು ಆರಂಭಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು 1917ರಲ್ಲಿ ವಿಧವೆಯರ ಪುನರ್ವಿವಾಹಕ್ಕೆ, 1919ರಲ್ಲಿ ಅಂತರ್ಜಾತೀಯ ವಿವಾಹಕ್ಕೆ ತಮ್ಮ ಸಂಸ್ಥಾನದಲ್ಲಿ ಕಾಯದೆಯ ಬಲವನ್ನಿತ್ತರು.

ಫುಲೆಯವರ ವಿಷಯದಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಅವರು ಪುರೋಹಿತನನ್ನು ಬಿಟ್ಟರು, ಹಾಡನ್ನು ಬಿಡಲಿಲ್ಲ. ಜನರಿಗೆ ಅರ್ಥವಾಗುವ ಮರಾಠಿಯಲ್ಲಿ ತಾವೇ ಹೊಸ ಮಂಗಲಾಷ್ಟಕಗಳನ್ನು ರಚಿಸಿದರು. ಅವುಗಳಲ್ಲಿ ವಧುವೂ ಮಾತನಾಡುತ್ತಾಳೆ, ಹೆಣ್ಣಿನ ಹಕ್ಕಿನ ಬಗ್ಗೆ ವರನಿಂದ ಮಾತು ಪಡೆಯುತ್ತಾಳೆ. ಅನ್ಯಾಯದ ಪದ್ಧತಿಯನ್ನು ಕಿತ್ತುಹಾಕಿದವರಿಗೂ ಮದುವೆಗೊಂದು ಹಾಡು ಬೇಕೆನಿಸಿತು. ಆದ್ದರಿಂದ ‘ಸುಧಾರಣೆಯೋ, ಸಂಪ್ರದಾಯವೋ’ ಎಂಬ ಆಯ್ಕೆ ನಮ್ಮ ಮುಂದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವಷ್ಟೇ ನಮ್ಮಿಂದ ಅಪೇಕ್ಷಿತ.

ಬಿಡಬೇಕಾದವುಗಳಲ್ಲಿ ಮೊದಲನೆಯದು ವಿಧವೆಯರನ್ನು ಹಂದರದ ಹೊರಗಿಡುವ ರೂಢಿ. ಅರಿಷಿಣಕ್ಕೆ ಐವರು ಮುತ್ತೈದೆಯರು, ಸುರಗಿಗೆ ಮುತ್ತೈದೆಯರು, ಭೂಮಕ್ಕೆ ಮುತ್ತೈದೆಯರು. ಗಂಡನನ್ನು ಕಳೆದುಕೊಂಡವಳು ತನ್ನ ಮಗಳ ಮದುವೆಯಲ್ಲಿಯೂ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಇದು ಅಮಾನವೀಯವೆಂಬುದಕ್ಕೆ ಬೇರೆ ವಾದ ಬೇಕಿಲ್ಲ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ಸತ್ಯವನ್ನು ಗಮನಿಸಬೇಕು. ಹಳ್ಳಿಯಲ್ಲಿ ಅತಿ ಹೆಚ್ಚು ಹಾಡು ಬಲ್ಲವರು ಹಿರಿಯ ಹೆಣ್ಣುಮಕ್ಕಳು. ಆ ವಯಸ್ಸಿನವರಲ್ಲಿ ವಿಧವೆಯರೇ ಬಹಳ. ಹೀಗೆ ಹಾಡು ಬಲ್ಲವಳನ್ನು ಹೊರಗೆ ನಿಲ್ಲಿಸಿ, ಹಾಡು ಬಾರದವರನ್ನು ಒಳಗೆ ಕೂರಿಸಿ, ಕೊನೆಗೆ ‘ಹಾಡುವವರೇ ಇಲ್ಲ’ವೆಂದು ಮೊಬೈಲಿನಲ್ಲಿ ಸಿನಿಮಾ ಹಾಡು ಹಚ್ಚುತ್ತೇವೆ. ಪದ್ಧತಿಯ ಹೆಸರಿನಲ್ಲಿ ಪದ್ಧತಿಯ ಜೀವವನ್ನೇ ನಾವು ತೆಗೆಯುತ್ತಿದ್ದೇವೆ.

ಇದಕ್ಕೆ ಉತ್ತರವೂ ನಮ್ಮ ಜಿಲ್ಲೆಯಿಂದಲೇ ಬಂದಿದೆ. ಶಿರೋಳ ತಾಲೂಕಿನ ಹೇರವಾಡ ಗ್ರಾಮವು 2022ರ ಮೇ ತಿಂಗಳಲ್ಲಿ, ಶಾಹು ಮಹಾರಾಜರ ನೂರನೆಯ ಪುಣ್ಯತಿಥಿಯ ಸಂದರ್ಭದಲ್ಲಿ, ಗಂಡ ತೀರಿದಾಗ ಹೆಣ್ಣಿನ ಕುಂಕುಮ ಅಳಿಸುವ, ಬಳೆ ಒಡೆಯುವ, ತಾಳಿ ಕೀಳುವ ಪದ್ಧತಿಗಳನ್ನು ನಿಷೇಧಿಸುವ ಠರಾವನ್ನು ಸ್ವೀಕರಿಸಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರವು ಈ ಮಾದರಿಯನ್ನು ಅನುಸರಿಸುವಂತೆ ಇತರ ಗ್ರಾಮ ಪಂಚಾಯತಿಗಳಿಗೆ ತಿಳಿಸಿತು. ಠರಾವಿನಿಂದ ಮನಸ್ಸು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಆದರೆ ಕುಂಕುಮವನ್ನು ಅಳಿಸಬಾರದೆಂದ ಮೇಲೆ, ಆ ಕುಂಕುಮ ಹಚ್ಚಿಕೊಂಡವಳು ಹಂದರಕ್ಕೆ ಬರಬಾರದೆನ್ನಲು ಕಾರಣ ಉಳಿಯುವುದಿಲ್ಲ. ಆಕೆ ಒಳಗೆ ಬಂದರೆ ಆಕೆಯ ಹಿಂದೆ ಹಾಡೂ ಒಳಗೆ ಬರುತ್ತದೆ. ಹೇರವಾಡದ ನಿರ್ಣಯವನ್ನು ನಾನು ಜಾನಪದದ ದೃಷ್ಟಿಯಿಂದಲೂ ಸ್ವಾಗತಿಸುವುದು ಈ ಕಾರಣಕ್ಕಾಗಿ.

ಇನ್ನು ಸಂಗ್ರಹದ ಮಾತು. ಇದನ್ನು ದೊಡ್ಡ ವಿದ್ವಾಂಸರೇ ಮಾಡಬೇಕೆಂದು ಕಾಯಬೇಕಾಗಿಲ್ಲ. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಹಲಸಂಗಿಯ ಗೆಳೆಯರ ಗುಂಪಿನ ಶ್ರಮದ ಫಲ. ವಿಜಯಪುರ ಜಿಲ್ಲೆಯ ಆ ಹಳ್ಳಿಯೂ ನಮ್ಮಂತೆಯೇ ಮಹಾರಾಷ್ಟ್ರದ ಗಡಿಗೆ ಹತ್ತಿರದ್ದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು ವಿಶ್ವವಿದ್ಯಾಲಯದ ನೆರವಿಲ್ಲದೆ, ತಮ್ಮ ಮನೆ, ನೆರೆಮನೆಗಳ ಹೆಣ್ಣುಮಕ್ಕಳ ಹಾಡನ್ನೇ ಕಿವಿಗೊಟ್ಟು ಬರೆದುಕೊಂಡರು. ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತ್ವೆ ಅವರ ಬಳಗವು ಬೀಸುವ ಕಲ್ಲಿನ ಮರಾಠಿ ಓವಿಗಳನ್ನು ಒಂದು ಲಕ್ಷಕ್ಕೂ ಮಿಗಿಲಾಗಿ ಸಂಗ್ರಹಿಸಿತು.

ಇವೆರಡಕ್ಕಿಂತ ದೂರದ, ಆದರೆ ನಮ್ಮ ಸ್ಥಿತಿಗೆ ಹೆಚ್ಚು ಹೋಲುವ ಉದಾಹರಣೆಯೊಂದು ಐರ್ಲೆಂಡಿನದು. ಅಲ್ಲಿಯ ಹಳ್ಳಿಗಳಲ್ಲಿಯೂ ಮದುವೆಗೆ ತನ್ನದೇ ಕಟ್ಟುಪಾಡುಗಳಿದ್ದವು. ಕ್ರೈಸ್ತರ ಉಪವಾಸದ ನಲವತ್ತು ದಿನಗಳಲ್ಲಿ ಮದುವೆ ನಿಷಿದ್ಧವಾದ್ದರಿಂದ, ಅದರ ಮುನ್ನಿನ ದಿನಗಳಲ್ಲಿ ಮದುವೆಗಳ ಸುಗ್ಗಿ; ನಮ್ಮಲ್ಲಿ ಆಷಾಢ ಬರುವ ಮುನ್ನ ಅವಸರಪಡುವಂತೆ. ಸಂಬಂಧ ಕುದುರಿಸಲು ಮಧ್ಯಸ್ಥರು, ಹೆಣ್ಣಿನ ತಂದೆ ಕೊಡಬೇಕಾದ ಹಣದ ಚೌಕಾಸಿ, ಎಲ್ಲವೂ ಅಲ್ಲಿತ್ತು. ಹುಲ್ಲಿನ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ ತರುಣರ ಗುಂಪು ಕರೆಯದಿದ್ದರೂ ಮದುವೆಮನೆಗೆ ನುಗ್ಗಿ, ವಧುವಿನೊಡನೆ ಕುಣಿದು, ಹಾಸ್ಯಮಾಡಿ ಹೋಗುತ್ತಿತ್ತು. ನಮ್ಮ ಬೀಗರ ಹಾಡಿನ ಸಲಿಗೆ ಅಲ್ಲಿ ಆ ವೇಷಕ್ಕೆ ದೊರೆಯುತ್ತಿತ್ತು. ಐರಿಷ್ ಭಾಷೆ ಇಂಗ್ಲಿಷಿನ ಮುಂದೆ ಹಿಂಜರಿದಾಗ ಈ ನಡೆನುಡಿಯೆಲ್ಲ ನಶಿಸತೊಡಗಿತು. 1935ರಲ್ಲಿ ಅಲ್ಲಿಯ ಸರಕಾರ ಜಾನಪದ ಆಯೋಗವನ್ನು ಸ್ಥಾಪಿಸಿತು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳು ತಮ್ಮ ತಂದೆತಾಯಿ, ಅಜ್ಜ ಅಜ್ಜಿ, ನೆರೆಹೊರೆಯವರನ್ನು ಕೇಳಿ, ಮದುವೆಯ ಆಚಾರಗಳನ್ನೂ ಒಳಗೊಂಡು ಊರಿನ ಸಕಲ ಸಂಗತಿಗಳನ್ನು ಬರೆದರು. ಐರಿಷಿನಲ್ಲಿ ಹೇಳಿದ್ದನ್ನು ಐರಿಷಿನಲ್ಲಿ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದರು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಮಾಡಿದ ಕೆಲಸವದು. ಪದವಿ ತರಗತಿಯ ನಾವು ಮಾಡಲಾರೆವೇ?

ಮದುವೆಗಳ ಕಾಲ ನಮ್ಮ ಬೇಸಿಗೆಯ ರಜೆಯ ಕಾಲವೂ ಹೌದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಬ್ಬ ಹಿರಿಯಳ ಬಳಿ ಕುಳಿತು ನಾಲ್ಕು ಹಾಡುಗಳನ್ನು ಪಡೆದು ತಂದರೆ ಸಾಕು. ಮೊಬೈಲಿನಲ್ಲಿ ಧ್ವನಿ ಹಿಡಿಯಬಹುದು. ಆದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು, ಆಮೇಲೆ ಅವರಿಗೇ ಅದನ್ನು ಕೇಳಿಸಬೇಕು. ಊರು, ಹಾಡಿನ ಸಂದರ್ಭ, ಅದನ್ನು ಅವರು ಯಾರಿಂದ ಕಲಿತರು, ತವರಿನಿಂದ ತಂದದ್ದೋ ಗಂಡನ ಮನೆಯಲ್ಲಿ ಕಲಿತದ್ದೋ ಎಂಬುದನ್ನು ತಪ್ಪದೆ ಬರೆದುಕೊಳ್ಳಬೇಕು. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹಾಡು ಸೊಸೆಯೊಡನೆ ಊರಿನಿಂದ ಊರಿಗೆ ಸಾಗಿದ ದಾರಿ ಅದರಿಂದಲೇ ತಿಳಿಯುತ್ತದೆ. ಬರೆಯುವಾಗ ಆಡುನುಡಿಯನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬಾರದು. ಮರಾಠಿಯ ಪದ ಬಂದಲ್ಲಿ ಅದನ್ನು ತೆಗೆದು ಕನ್ನಡದ ಪದ ಕೂರಿಸಬಾರದು. ಕೇಳುವವರು ಹೆಣ್ಣುಮಕ್ಕಳಾದರೆ ಒಳ್ಳೆಯದು. ಹುಡುಗರ ಮುಂದೆ ಅಜ್ಜಿಯರು ಕೆಲವು ಬೀಗರ ಹಾಡುಗಳನ್ನು ಹೇಳುವುದೇ ಇಲ್ಲ! ಹೀಗೆ ಬಂದ ಹಾಡುಗಳನ್ನು ತಾಲೂಕುವಾರು ವಿಂಗಡಿಸಿ ವಿಭಾಗದಲ್ಲಿ ಇರಿಸಿದರೆ ಕೆಲವೇ ವರ್ಷಗಳಲ್ಲಿ ಗಡಿಸೀಮೆಯ ಕನ್ನಡಕ್ಕೆ ಒಂದು ಆಕರ ಸಿದ್ಧವಾಗುತ್ತದೆ.

ಸಂಗ್ರಹಿಸಿದ ಮಾತ್ರಕ್ಕೆ ಹಾಡು ಬದುಕುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಅದು ನಿಜವೇ. ಕಪಾಟಿನಲ್ಲಿಟ್ಟ ಹಾಡು ಬಿತ್ತದೆ ಉಳಿದ ಬೀಜದಂತೆ. ಆದುದರಿಂದ ಎರಡನೆಯ ಕೆಲಸವೂ ಉಂಟು: ಸಂಗ್ರಹಿಸಿದ ನಾಲ್ಕರಲ್ಲಿ ಒಂದನ್ನಾದರೂ ಕಲಿತು, ತಮ್ಮ ಮನೆಯ ಮುಂದಿನ ಮದುವೆಯಲ್ಲಿ ಹಾಡುವುದು. ಕಾರ್ಯಾಲಯದ ಒಂದು ದಿನದ ಮದುವೆಯಲ್ಲಿಯೂ ಅರಿಷಿಣಕ್ಕೆ ಅರ್ಧ ಗಂಟೆ ಇದ್ದೇ ಇರುತ್ತದೆ. ಆ ಅರ್ಧ ಗಂಟೆ ಧ್ವನಿವರ್ಧಕವನ್ನು ನಿಲ್ಲಿಸಿದರೆ ಯಾರಿಗೂ ಹಾನಿಯಿಲ್ಲ. ಒಂದು ಪೈಸೆಯ ಖರ್ಚೂ ಇಲ್ಲ. ಹಳೆಯ ಹಾಡಿನಲ್ಲಿ ಹೆಣ್ಣನ್ನು ಹೀಗಳೆಯುವ ಸಾಲಿದ್ದರೆ ಅದನ್ನು ದಾಖಲೆಯಲ್ಲಿ ಇರಿಸಿ, ಹಾಡುವಾಗ ಹೊಸ ಸಾಲು ಕಟ್ಟಬಹುದು. ಜಾನಪದ ಯಾವಾಗಲೂ ಹಾಗೆಯೇ ಬೆಳೆದಿದೆ.

ಪರೀಕ್ಷೆಯಲ್ಲಿ ‘ಸೋಬಾನೆ ಪದಗಳ ಲಕ್ಷಣಗಳನ್ನು ವಿವರಿಸಿರಿ’ ಎಂಬ ಪ್ರಶ್ನೆಗೆ ನಾವು ಪುಟಗಟ್ಟಲೆ ಉತ್ತರ ಬರೆಯುತ್ತೇವೆ. ಆ ಪದಗಳನ್ನು ಬಲ್ಲ ಹಿರಿಯರು ನಮ್ಮ ಓಣಿಯಲ್ಲಿಯೇ ಇದ್ದಾರೆ, ದಿನದಿನಕ್ಕೆ ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಈ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿರಿ. ಮುಂದಿನ ಮದುವೆಗೆ ಅವರನ್ನು ಹಂದರದೊಳಗೆ ಕರೆಯಿರಿ. ಹಣೆಯ ಮೇಲೆ ಕುಂಕುಮವಿದೆಯೋ ಇಲ್ಲವೋ ಎಂದು ನೋಡಬೇಡಿರಿ.